ಕೊಸರು

ಫ್ಯಾನು ನಿಲ್ಲಿಸಿದೆ.
ತ್ರಾಸಿನ ಮುಳ್ಳು ಇಷ್ಟೇ ಗಾಳಿಗೂ ಸುಳ್ಳು ಹೇಳುತ್ತದೆ.
ಅಂಕೋಲೆಯ ಮಟಮಟ ಮಧ್ಯಾಹ್ನ,
ಮೀನುಪೇಟೆ ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದಿದ್ದಳು
ಬೇಲೇಕೇರಿಯ ಮೋಹಿನಿ ತಾಂಡೇಲ.
ಖಾಲಿ ಬುಟ್ಟಿ ಹೊರಗೆ, ಮೆಟ್ಟಿಲ ಮೇಲೆ.
ಸೆರಗಿನ ಗಂಟಿನಿಂದ ಒಂದು ಬಳೆ, ಒಂದು ಚೀಟಿ.

"ನಮ್ಮಜ್ಜಿ ನಿಮ್ಮ ಅಂಗಡೀಲಿ ಮಾಡಿದ ಸಾಲವಂತೆ.
ಅವ್ವಿ ಸಾಯುವಾಗ ಹೇಳಿ ಹೋಯ್ತು.
ತೀರಿಸಿಬಿಡ್ತೆ. ತೂಗ್ರಾ."

ಚೀಟಿಯಲ್ಲಿ ನನ್ನ ಅಜ್ಜ, ಗಣಬಾ ರಾಯ್ಕರನ ಕೈ.
ಒಂದೊಂದು ಅಕ್ಷರವೂ ನತ್ತಿನ ಕೊಕ್ಕೆ:
ರುಕ್ಮಿ ತಾಂಡೇಲ ಬಾಬ್ತು.
ಮೂರು ವರಹ, ನಾಲ್ಕು ಹಣ, ಹಾಗ ಒಂದು.

ಬಾಬ್ತು. ಅಷ್ಟೇ.
ಕೊಟ್ಟದ್ದೋ ಕೊಂಡದ್ದೋ, ಅದಕ್ಕೆ ಬಾಯಿಲ್ಲ.

ಪೇಟೆಯೆಲ್ಲ ರೂಪಾಯಿ ತೂಕಕ್ಕೆ ಇಳಿದ ಮೇಲೂ
ಅಜ್ಜ ವರಹ ಬಿಡಲಿಲ್ಲ.
ವರಹವನ್ನು ಅವನೂ ಕಣ್ಣಾರೆ ಕಂಡವನಲ್ಲ,
ಆದರೆ ಗಿರಾಕಿ ಇಣುಕಿದರೆ ತಿಳಿಯಬಾರದು ನೋಡಿ.
ತೊಲೆ ಎಲ್ಲರಿಗೂ ಗೊತ್ತು, ವರಹ ಪುಸ್ತಕಕ್ಕೆ ಮಾತ್ರ.

"ಒಂದು ತೊಲೆಗೆ ಎಷ್ಟಾಗ್ತದೆ ಇದು?" ಕೇಳಿದಳು.

ಡಬ್ಬಿ ತೆಗೆದು ಗುಲಗಂಜಿ ಸುರಿದೆ.
ತೊಲೆಗೆ ತೊಂಬತ್ತಾರು ಕಾಳು.
ನಮ್ಮ ಅಂಗಡಿಯ ಲೆಕ್ಕಕ್ಕೆ ವರಹಕ್ಕೆ ಇಪ್ಪತ್ತೆಂಟು,
ಅದರಲ್ಲಿ ಹತ್ತನೇ ಪಾಲು ಹಣ,
ಹಣದ ಕಾಲುಭಾಗ ಹಾಗ.
ಮೂರು ಗುಡ್ಡೆ ಮಾಡಿದೆ. ಎಂಬತ್ತನಾಲ್ಕು.
ಉಳಿದ ಹನ್ನೆರಡನ್ನು ಬೆರಳಲ್ಲಿ ಸರಿಸುತ್ತಾ
ನಾಲ್ಕು ಹಣ ಕಳೆದೆ, ಒಂದು ಹಾಗ ಕಳೆದೆ.
ಮಿಕ್ಕಿದ್ದು ಒಂದು ಕಾಳಿನ ಹತ್ತರಲ್ಲಿ ಒಂದು,
ಸುಮಾರಾಗಿ ಅದರ ಮೈಮೇಲಿನ ಕಪ್ಪಿನಷ್ಟು.

ಅದಕ್ಕೆ ನಾಣ್ಯವಿಲ್ಲ.

ಆಗಲೇ ಹೊಟ್ಟೆಯಲ್ಲಿ ಏನೋ ಜಾರಿತು.
ಒಳಗೆ ಹೋಗಿ ಅಜ್ಜನ ಪುಸ್ತಕ ತಂದೆ,
ಜಿರಲೆ ತಿಂದ ಅಂಚು, ಕರ್ಪೂರದ ವಾಸನೆ.
ಹಾಳೆ ತಿರುವಿದೆ.
ಅವನು ತೊಲೆ ಬಂಗಾರ ಸಾಲ ಕೊಟ್ಟಲ್ಲೆಲ್ಲ
ಮೂರು ವರಹ, ಐದು ಹಣ.
ತೊಲೆ ಬಂಗಾರ ಜೋಪಾನಕ್ಕೆ ಪಡೆದಲ್ಲೆಲ್ಲ
ಮೂರು, ನಾಲ್ಕು, ಹಾಗ ಒಂದು.
ಕೊಡುವಾಗ ಏರಿಸಿ, ಪಡೆಯುವಾಗ ಇಳಿಸಿ,
ಒಂದು ಸಲವೂ ಕೈ ತಪ್ಪಿಲ್ಲ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು
ಊರು ಆಡಿದಾಗ ನಕ್ಕವರು ನಾವು.
ರುಕ್ಮಿ ಅಕ್ಕನೂ ಅಲ್ಲ.
ದಂಡೆಯಲ್ಲಿ ಮೀನು ಒಣಗಿಸಿ ಕೂಡಿಟ್ಟ ಒಂದು ತೊಲೆ
ಗುಡಿಸಲಿಗೆ ಬಾಗಿಲಿಲ್ಲವೆಂದು
ಬಾಗಿಲಿದ್ದವನ ಹತ್ತಿರ ಇಟ್ಟು ಹೋದವಳು.
ಇಟ್ಟದ್ದು ಎರಡು ತಲೆಮಾರಿನ ಬಾಯಿ ದಾಟುವಷ್ಟರಲ್ಲಿ
ಸಾಲವಾಗಿ ಮಗುಚಿತು.

ಬಳೆ ಇನ್ನೂ ತಟ್ಟೆಯಲ್ಲಿತ್ತು.
ಮುಳ್ಳು ನಿಂತಿತ್ತು, ನಾನು ನಿಂತಿರಲಿಲ್ಲ.
ಹೇಳದೆ ಇದ್ದರೆ ಅವಳಿಗೆ ಹಗುರ,
ಸಾಲ ತೀರಿತೆಂದು ಬಸ್ಸು ಹತ್ತುತ್ತಾಳೆ.
ನನಗೂ ಒಂದು ಬಳೆ.
ಇಷ್ಟು ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಯೋಚಿಸಿದೆ.

ಆಮೇಲೆ ಹೇಳಿದೆ.

ಅವಳು ಬಹಳ ಹೊತ್ತು ಕಾಳುಗಳನ್ನೇ ನೋಡಿದಳು.
"ಹಂಗಾರೆ ಕೊಡೂದು ನೀವು?"
"ಹೌದು."
"ಅವ್ವಿ ಈ ಸಾಲಕ್ಕೆ ಹೆದರಿ
ನಿಮ್ಮ ಬೀದೀಲಿ ನಡೀತಿರಲಿಲ್ಲ.
ಬಂದರಿಂದ ಸುತ್ತು ಹಾಕಿ ಪೇಟೆಗೆ ಬರೂದು.
ಆ ನಡೆದದ್ದಕ್ಕೆ ಎಷ್ಟು ವರಹ?"

ನನ್ನ ಡಬ್ಬಿಯಲ್ಲಿ ಅಷ್ಟು ಕಾಳಿರಲಿಲ್ಲ.

ಕಪಾಟಿನಿಂದ ಒಂದು ತೊಲೆ ತೆಗೆದು ತೂಗಿದೆ.
ಮುಳ್ಳು ನೆಟ್ಟಗಾಯಿತು. ಸರಿ ಎಂದೆ.
"ಸರಿ ಎಂತದ್ರಾ ಸರಿ,
ನೂರು ಬಾಂಗಡೆ ಎಣಿಸಿ ಕೊಟ್ಟ ಮೇಲೆ
ಮತ್ತೆ ನಾಲ್ಕು ಬುಟ್ಟಿಗೆ ಒಗೀತೆ ನಾನು.
ನಿಮ್ಮಲ್ಲಿ ಕೊಸರು ಹೇಳೂದೇ ಇಲ್ವಾ?"

ಚಿಮಟದಲ್ಲಿ ಒಂದು ಚೂರು ಎತ್ತಿ ಇಟ್ಟೆ.
ಅವಳತ್ತಲ ತಟ್ಟೆ ಇಳಿಯಿತು.
ಇನ್ನೊಂದು ಇಟ್ಟೆ.
ಸಾಕು ಎಂದು ಅವಳು ಹೇಳಲಿಲ್ಲ,
ನಾನೂ ಕೇಳಲಿಲ್ಲ.