ಉಪ್ಪಳ, ಅಂಗಡಿ ಖಾಲಿ ಮಾಡುವ ದಿನ

ಹೈವೇಯವರು ಗೋಡೆಗೆ ಹಳದಿ ಗೀಟು ಎಳೆದು ಹೋಗಿದ್ದಾರೆ.
ನನ್ನ ಮೇಜಿನ ಅರ್ಧ ಗೀಟಿನಾಚೆಗುಂಟು,
ಅಂದರೆ ಆರು ಪಥದ ರಸ್ತೆಯಲ್ಲಿ ಕೂತು
ಸ್ಕ್ರೂ ಬಿಚ್ಚುತ್ತಿದ್ದೇನೆ ಇವತ್ತು.

ರಟ್ಟಿನ ಪೆಟ್ಟಿಗೆ ಹಿಡಿಯಲು ಬಂದ ನವಾಫ್ ಕೇಳುತ್ತಾನೆ:
ಇಷ್ಟರಲ್ಲಿ ಬೆಸ್ಟ್ ಯಾವುದು, ಬೆಳ್ಚಾಡರೇ?

ಅದು ಆಡಿದವರನ್ನು ಕೇಳಬೇಕಾದ್ದು. ನಾನು ಬಿಚ್ಚಿದವ.
ಹೆಸರಲ್ಲೇ ಉಪ್ಪಿರುವ ಊರು;
ಇಲ್ಲಿಯ ಗಾಳಿ ಯಾವ ಕಂಪನಿಗೂ ಮರ್ಯಾದೆ ಕೊಟ್ಟದ್ದಿಲ್ಲ.

ಈ ಬಿಳಿ ಡಬ್ಬಿ ನೋಡು, ಕಳ್ಳಮಾಲು,
ಹೆಸರಿನ ಸ್ಪೆಲ್ಲಿಂಗೂ ಸರಿಯಿಲ್ಲ.
ಕ್ಯಾಸೆಟ್ಟಿನ ಮೇಲೆ ಹತ್ತು ಸಾವಿರಕ್ಕೆ ಒಂದು ಕಡಿಮೆ ಆಟ,
ಒಳಗೆ ಏಳೇ.
ಇದರ ಹೊಟ್ಟೆಯಲ್ಲಿ ಹಲ್ಲಿ ಮೊಟ್ಟೆಯಿಟ್ಟಿತ್ತು ಒಮ್ಮೆ;
ಮೊಟ್ಟೆ ಸಮೇತ ಓಡುತ್ತಿತ್ತು.
ನನಗೆ ಇದರಿಂದ ಮೂರು ಕಾಸು ಹುಟ್ಟಲಿಲ್ಲ.

ಬೂದು ಬಣ್ಣದ್ದು, ಮೊದಲನೇ ಪ್ಲೇಸ್ಟೇಷನ್:
ಬಿಸಿ ಏರಿದರೆ ತಲೆಕೆಳಗೆ ಮಾಡಿಟ್ಟು ಆಡಬೇಕು,
ಶೀರ್ಷಾಸನದಲ್ಲಿ ಮಾತ್ರ ಮಾತಾಡುವ ಸನ್ಯಾಸಿ.

ಹಿಡಿಯಿರುವ ಆ ನೇರಳೆ ಪೆಟ್ಟಿಗೆ ಗ್ರೆಟ್ಟಾಬಾಯಿಯದ್ದು.
ಕುವೈತಿನ ಅಮೆರಿಕನ್ ಕ್ಯಾಂಪಿನಿಂದ ಅಗ್ಗಕ್ಕೆ ಸಿಕ್ಕಿದ್ದು,
ನೂರಹತ್ತು ವೋಲ್ಟಿನದ್ದು. ಇಲ್ಲಿ ಪ್ಲಗ್ಗಿಗೆ ಚುಚ್ಚಿದ ಗಳಿಗೆ
ಮಕ್ಕಳು ಮೂವರೂ ಚಪ್ಪಾಳೆ ತಟ್ಟಿದರಂತೆ,
ಹೊಗೆಯೂ ಆಟದ್ದೇ ಅಂದುಕೊಂಡು.

ಎರಡನೇ ಪ್ಲೇಸ್ಟೇಷನ್ನಿಗೆ ನಾನು ಅಂಕ ಕೊಡುವುದಿಲ್ಲ,
ಅನ್ನ ಹಾಕಿದ್ದನ್ನು ತೂಗಬಾರದು.
ವರ್ಷಕ್ಕೊಮ್ಮೆ ಹದವಾಗಿ ಲೆನ್ಸು ಸವೆಸಿಕೊಂಡು ಬರುತ್ತಿತ್ತು.
ನನ್ನ ಮನೆಯ ತಾರಸಿ ಆ ಲೆನ್ಸುಗಳದ್ದು.

ಮತ್ತೆ ಎಕ್ಸ್‌ಬಾಕ್ಸ್. ಮೂರು ಕೆಂಪು ದೀಪ.
ಟವಲು ಸುತ್ತಿ ಬೆವರಿಸಿದೆ, ಎದ್ದಿತು, ವಾರಕ್ಕೆ ಬಿತ್ತು.
ಬಂದ್ಯೋಡಿನ ಪ್ರಜ್ವಿತ್ ನಾಲ್ಕು ಸಲ ಹೊತ್ತು ತಂದ.
ನಾಲ್ಕು ಸಲವೂ ದುಡ್ಡು ತೆಗೆದುಕೊಂಡೆ.
ಐದನೇ ಸಲ ಬರಲಿಲ್ಲ; ಪೇಟೆಯಲ್ಲಿ ಕಂಡರೆ
ನಾನೇ ಆಚೆ ಬದಿಗೆ ದಾಟುತ್ತೇನೆ.
ಕೆಟ್ಟದ್ದು ಯಾವುದು ಅಂತ ನೀನು ಕೇಳಲಿಲ್ಲ, ಆದರೂ.

ನಿನ್ನ ಭಾವ ದೋಹಾದಿಂದ ತಂದದ್ದಕ್ಕೆ
ಡಿಸ್ಕು ನುಂಗುವ ಬಾಯೇ ಇಲ್ಲ.
ಬಿಚ್ಚಿದೆ. ಧೂಳಿಲ್ಲ, ತುಕ್ಕಿಲ್ಲ, ರೋಗವಿಲ್ಲ.
ಪಾಸ್‌ವರ್ಡ್ ಮರೆತಿದೆ ಅಷ್ಟೆ.
ಅದಕ್ಕೆ ನನ್ನಲ್ಲಿ ಯಾವ ಸ್ಕ್ರೂಡ್ರೈವರೂ ಇಲ್ಲ.

ನವಾಫ್ ಕೇಳುವುದು ಬಿಟ್ಟು
ಕ್ಯಾಸೆಟ್ಟಿನ ಬುಡಕ್ಕೆ ಊದುತ್ತಿದ್ದಾನೆ, ಯಾರು ಕಲಿಸಿದರೋ.
ಟಿವಿಯಲ್ಲಿ ಪುಟ್ಟ ಟ್ಯಾಂಕು, ಇಟ್ಟಿಗೆ ಗೋಡೆ;
ಹೊರಗೆ ಜೆಸಿಬಿ ಪಕ್ಕದ ಬೇಕರಿಯವರೆಗೆ ಬಂದಿದೆ.

ಸಾಕು, ಕಟ್ಟು ಅಂದೆ.
ವಯರನ್ನು ಬಿಗಿಯಾಗಿ ಸುತ್ತಬೇಡ ಮಾರಾಯ,
ಒಳಗಿಂದ ತುಂಡಾಗ್ತದೆ.