ಬಲಗಡೆಯ ಚಾಮರ

ಮೊದಲ ನಾಲ್ಕು ದಿನ ನಾನು ರಾಣಿಯ ಎಡಗಡೆ,
ಬಾರ್ಕೂರಿನ ಮುರಕಲ್ಲಿನ ಕೋಟೆಯೊಳಗೆ.
ದಿನಕ್ಕೆ ಆರುನೂರು, ಒಂದು ಊಟ, ಎರಡು ಚಾ.
ಗೇರುಬೀಜದ ಫ್ಯಾಕ್ಟರಿಗೆ ಹೊಟ್ಟೆನೋವೆಂದು ಹೇಳಿ ಬಂದಿದ್ದೆ.
ಬಲಗಡೆ ಗುಲಾಬಿ.
ಅವಳು ಹೇಳಿದ್ದು, ಅತ್ತೆ ತೀರಿಕೊಂಡರೆಂದು.

ಬೀಜದ ಎಣ್ಣೆಗೆ ಕಪ್ಪಾದ ನಮ್ಮ ಬೆರಳು ನೋಡಿ
ಮೇಕಪ್ಪಿನ ಹುಡುಗ ಹೆದರಿದ.
ಆ ಕಾಲಕ್ಕೆ ಗೇರುಮರ ಇತ್ತೋ ಇಲ್ಲವೋ
ಯಾರಿಗೋ ಫೋನು ಮಾಡಿ ಕೇಳಿದರು.
ಕೊನೆಗೆ, ಮದರಂಗಿ ಎಂದುಕೊಳ್ಳಲಿ ಬಿಡಿ, ಅಂದರು.

ಕತೆ ಇಷ್ಟು: ರಾಣಿಗೆ ವೀಳ್ಯದ ಹುಚ್ಚು.
ಅಡಪ ಹಿಡಿದವಳ ಸೊಂಟದಲ್ಲಿ ಅರ್ಧ ರಾಜ್ಯದ ಬೀಗದಕೈ.
ಅದಕ್ಕೆ ಇಬ್ಬರ ಕಚ್ಚಾಟ,
ಒಬ್ಬಳು ರಾಣಿಯ ಚಿಕ್ಕಮ್ಮನ ಮಗಳು,
ಒಬ್ಬಳು ಅಕ್ಕಿ ಸಾಹುಕಾರನ ವಿಧವೆ.
ಒಬ್ಬರಿಗೊಬ್ಬರು ತಿಳಿಯದೆ ಇಬ್ಬರೂ ಸುಣ್ಣ ಬಳಿದರು
ಒಂದೇ ಎಲೆಗೆ.
ರಾಣಿಯ ನಾಲಗೆ ಬೆಂದುಹೋಯಿತು.
ಆಮೇಲೆ ಅವಳು ಊಂ ಅಂದರೆ
"ಮಂತ್ರಿಯ ತಲೆ ತೆಗೆಯಿರಿ" ಎಂದು ಒಬ್ಬಳ ಅರ್ಥ,
"ಮಂತ್ರಿಗೆ ಎರಡು ಗದ್ದೆ ಉಂಬಳಿ" ಎಂದು ಇನ್ನೊಬ್ಬಳದ್ದು.
ಮಂತ್ರಿಗೆ ಎರಡೂ ಸಿಕ್ಕಿತು.
ಮೊದಲು ಗದ್ದೆ.

ಊಟಕ್ಕೆ ಮೂರು ಸಾಲು.
ರಾಣಿಯ ವ್ಯಾನಿಗೆ ಅಂಜಲ್ ಹುರಿದದ್ದು,
ಸೇನಾಪತಿಯವರೆಗೆ ಬಂಗುಡೆ,
ನಮಗೆ ಕುಚ್ಚಲಕ್ಕಿ ಅನ್ನ, ಸಾರು, ಮೀನಿನ ಪರಿಮಳ.
ತಲೆ ಹೋದ ಮಂತ್ರಿ
ಮೂರನೆಯ ದಿನ ತಟ್ಟೆ ಹಿಡಿದು ನಮ್ಮ ಸಾಲಿಗೆ ಬಂದ.

ನಾಲ್ಕನೆಯ ದಿನ ಗೊತ್ತಾಯಿತು,
ನನ್ನ ಮುಂದೆ ಒಂದು ಕಂಬವಿದೆ.
ಕ್ಯಾಮೆರಾಕ್ಕೆ ಕಾಣುವುದು ಬಲಗಡೆ ಮಾತ್ರ.

ನಾನೇನೂ ಮಾಡಲಿಲ್ಲ.
ಸಹಾಯಕ ನಿರ್ದೇಶಕನ ಚಾ ಲೋಟ ತೊಳೆದುಕೊಡುತ್ತ
"ಗುಲಾಬಿಗೆ ರಾತ್ರಿಯೆಲ್ಲ ಕೆಮ್ಮು, ಪಾಪ,
ಚೂರು ರಕ್ತ ಬಂದ ಹಾಗಿತ್ತು" ಅಂದೆ, ಅಷ್ಟೆ.
ಪಾಪ ಎಂಬ ಶಬ್ದಕ್ಕೆ
ಎಷ್ಟು ಸುಣ್ಣ ಹಿಡಿಯುತ್ತದೆ ನೋಡಿ.

ಮರುದಿನ ನಾನು ಬಲಗಡೆ.
ಅವಳನ್ನು ಮನೆಗೆ ಕಳಿಸಲು ಮನಸ್ಸಾಗದೆ ಹೆಣ ಮಾಡಿದರು,
ರಾಣಿಯ ವೀಳ್ಯ ಮೊದಲು ಜಗಿದು ನೋಡಿದ ದಾಸಿಯ ಹೆಣ.
ಅದಕ್ಕೂ ಆರುನೂರೇ.
ಹೆಣಕ್ಕೆ ಕೆಮ್ಮು ಬರುವುದಿಲ್ಲವಲ್ಲ ಎಂದು ಯಾರೋ ಅಂದರು.
ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಕಲ್ಲುನೆಲದ ಮೇಲೆ ಬಾಯಿ ತೆರೆದು ಮಲಗಿದಳು.
ಒಂದು ನೊಣ ಬಂತು.
ನಿಜವಾದದ್ದು, ಅದಕ್ಕೆ ಸಂಬಳವಿರಲಿಲ್ಲ.
ತೆರೆದ ಕಣ್ಣಿನ ರೆಪ್ಪೆಯಂಚಿಗೆ ಕೂತು ಕೈ ತಿಕ್ಕಿತು,
ಮೂಗುತಿಯವರೆಗೆ ನಡೆದು ಹೋಗಿ
ಏನೋ ಮರೆತಂತೆ ವಾಪಸು ಬಂತು.
ಅಲುಗಲಿ, ಒಮ್ಮೆ ಅಲುಗಲಿ ಎಂದು
ಚಾಮರ ಬೀಸುತ್ತಲೇ ಮಂದಾರ್ತಿ ಅಮ್ಮನಿಗೆ
ಹೂವಿನ ಹರಕೆ ಹೇಳಿಕೊಂಡೆ.
ಇಪ್ಪತ್ತು ವರ್ಷ ಬೀಜದ ಹೊಗೆಯಲ್ಲಿ ಕೂತ ಕಣ್ಣು.
ನೊಣ ಯಾವ ಲೆಕ್ಕ.

ಉಡುಪಿಯ ಟಾಕೀಸಿಗೆ ಬಂದ ದಿನ
ಫ್ಯಾಕ್ಟರಿಗೆ ಫ್ಯಾಕ್ಟರಿಯೇ ಹೊಟ್ಟೆನೋವು.
ಬಲಗಡೆಯ ಚಾಮರ ಚಂದ ಕಂಡಿತು.
ಅದರ ಕೆಳಗೆ ಒಂದು ಮಣಿಕಟ್ಟು.
ನನ್ನದೇ, ಬಳೆಯಿಂದ ಗುರುತು ಸಿಕ್ಕಿತು.
ಆಮೇಲೆ ಪರದೆ ತುಂಬ ಗುಲಾಬಿ,
ಬಾವಿಯಷ್ಟು ಕಣ್ಣು,
ಅದರ ದಂಡೆಯಲ್ಲಿ ಕಾಗೆಯಷ್ಟು ನೊಣ.
ರಾಣಿ ಸತ್ತಾಗ ಕಡಲೆ ತಿನ್ನುತ್ತಿದ್ದವರು
ಕೈ ತಡೆದರು.
"ಎಂತ ಸಾವು ಮಾರಾಯ್ತಿ!" ಹಿಂದಿನಿಂದ ಒಂದು ಗಂಡು ದನಿ.
ಅತ್ತದ್ದು ಒಬ್ಬರೇ, ಅವಳ ಅತ್ತೆ.
ರಜೆಯ ಲೆಕ್ಕದಲ್ಲಿ ಅವರೂ ಸತ್ತವರೇ.

ಈಗ ಗುಲಾಬಿಯ ಪಕ್ಕ ಕೂರಲು
ಹೊಸ ಹುಡುಗಿಯರಿಗೆ ಪೈಪೋಟಿ.
ಒಬ್ಬಳು ಅಡಕೆ ಕತ್ತರಿಸುತ್ತಾಳೆ, ಒಬ್ಬಳು ಎಲೆ ಒರೆಸುತ್ತಾಳೆ.
ನಾನು ಎದುರು ಕೂತು ಬೀಜ ಒಡೆಯುತ್ತೇನೆ.
ನಿನ್ನೆ ಸುಣ್ಣದ ಡಬ್ಬಿ ನನ್ನತ್ತ ನೂಕಿದಳು:
"ನೀನೇ ಹಚ್ಚು. ನಿನ್ನ ಕೈ ಹದ."
ಆಮೇಲೆ ಒಮ್ಮೆ,
ಸೆರಗು ಅಡ್ಡ ಹಿಡಿದು,
ಸಣ್ಣಗೆ ಕೆಮ್ಮಿದಳು.