ಎಂಟೂವರೆಯ ಹಾವು

ತಿಂಗಳ ಮೊದಲ ವಾರ ಕೇಬಲ್ ದುಡ್ಡಿಗೆ
ಶಿಡ್ಲಘಟ್ಟದ ಗಲ್ಲಿ ಸುತ್ತುತ್ತೇನೆ.
ಎಂಟೂವರೆಗೆ ಹೋದರೆ ಎಲ್ಲರೂ ಸಿಗುತ್ತಾರೆ,
ಯಾರೂ ತಿರುಗಿ ನೋಡುವುದಿಲ್ಲ.
ಟೀವಿಯಲ್ಲಿ ಸೊಸೆ ಹಾವಾಗುತ್ತಿರುತ್ತಾಳೆ.

ಕಳಪೆ ಗ್ರಾಫಿಕ್ಸು. ಬಾಲ ಒಂದು ಕಡೆ, ನೆರಳು ಒಂದು ಕಡೆ.
ಒಮ್ಮೆ ನಕ್ಕುಬಿಟ್ಟೆ, ಮುಬೀನಾಳ ಹೊಸಿಲಲ್ಲಿ ನಿಂತು.
ಅವಳು ನಗಲಿಲ್ಲ.
ಹಗಲೆಲ್ಲ ಕುದಿನೀರಿನ ಬಾನಿಯಲ್ಲಿ
ಗೂಡಿನ ಎಳೆ ಹುಡುಕುವ ಬೆರಳು;
ನೋಟು ಎಣಿಸಿ ಕೊಡುವಾಗ ನೋಡಿದೆ,
ತುದಿಯ ಚರ್ಮ ಬೆಳ್ಳಗೆ ಸುಲಿದಿತ್ತು.
'ಅವ್ಳಿಗೆ ಪೊರೆ ಒಂದೇ ಸಲಕ್ಕೆ ಬಿಡ್ತದೆ ನೋಡಣ್ಣ,
ಪುಣ್ಯವಂತೆ' ಅಂದಳು.

ಎದುರುಮನೆ ಮುನಿಲಕ್ಷ್ಮಮ್ಮ
ಹಾವು ಬುಸುಗುಡುವ ಹೊತ್ತಿಗೆ ಸರಿಯಾಗಿ
ಸೌಂಡು ಕಮ್ಮಿ ಮಾಡುತ್ತಾಳೆ.
ಒಳಗೆ ಗಂಡ ಮಲಗಿದ್ದಾನೆ.
ಬುಸ್ಸೆಂದದ್ದು ಟೀವಿಯೋ ಹೆಂಡತಿಯೋ
ಅವನಿಗೆ ಅನುಮಾನ ಬರಬಾರದು.

ಮೊನ್ನೆ ಮಂಗಳವಾರ ಇಲಿ ವೈರು ಕಡಿಯಿತು,
ಸೇಡಿಗೆ ಇನ್ನೇನು ಎರಡು ನಿಮಿಷವಿದ್ದಾಗ.
ಏಣಿ ಹತ್ತಿದೆ. ಬೈಗುಳ ಬೀಳಬೇಕಿತ್ತು.
ಬೀಳಲಿಲ್ಲ. ಕೆಳಗೆ ಒಬ್ಬೊಬ್ಬರೇ
ಬಾಗಿಲಿಗೆ ಬಂದು ನಿಂತರು, ಕತ್ತಲಲ್ಲಿ
ಮುಂದಿನ ಕತೆ ತಾವೇ ಹೇಳತೊಡಗಿದರು.
ಒಬ್ಬಳು ಕಚ್ಚಿಸಿದಳು. ಇನ್ನೊಬ್ಬಳು,
ಕಚ್ಚಿ ಏನು ಬಂತು, ಬಿಲ ನಮ್ಮ ಹೆಸರಿಗಾಗಲಿ ಅಂದಳು.
ಯಾರೋ ಜೋರಾಗಿ ನಕ್ಕರು.
ಮುನಿಲಕ್ಷ್ಮಮ್ಮನ ದನಿಯೇ ಇರಬೇಕು,
ಅಷ್ಟು ದೊಡ್ಡದಾಗಿ ಎಂದೂ ಕೇಳಿರಲಿಲ್ಲ.

ಕಂಬದ ಮೇಲೆ ನಾನು
ಹಲ್ಲಿನಿಂದ ವೈರಿನ ಕರಿಪೊರೆ ಸುಲಿದೆ.
ಒಳಗೆ ತಾಮ್ರ ಹೊಳೆಯಿತು.
ಜೋಡಿಸಲು ಅರೆಗಳಿಗೆ ಸಾಕು.
ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.